ಮೊಬೈಲ್ ಫೋನಿನ ನೆಲೆ ಪತ್ತೆ: ಕಾನೂನು ಮತ್ತು ಖಾಸಗಿತನ

ಒಬ್ಬರ ಕೈಯಲ್ಲಿರುವ ಮೊಬೈಲ್ ಫೋನ್ ಎಲ್ಲಿದೆ, ಎಲ್ಲೆಲ್ಲಿ ಹೋಗಿ ಬಂದಿದೆ ಎಂಬುದನ್ನು ಇನ್ನೊಬ್ಬರು ಕಂಡುಕೊಳ್ಳುವ ಕ್ರಿಯೆಯೇ ನೆಲೆ ಪತ್ತೆ. ಪೊಲೀಸ್ ಠಾಣೆಯಲ್ಲಿ ಇದು ‘ಟವರ್ ಲೊಕೇಶನ್ ತೆಗೆಸುವುದು’, ವಕೀಲರ ಬಾಯಲ್ಲಿ ‘ಸಿಡಿಆರ್’, ಕಂಪನಿಗಳಲ್ಲಿ ‘ಜಿಪಿಎಸ್ ಹಾಜರಾತಿ’, ಮನೆಯಲ್ಲಿ ‘ಲೊಕೇಶನ್ ಆನ್ ಇಟ್ಕೊಂಡಿರು’. ಬೆಂಗಳೂರಿನ ದಂಡು ಪ್ರದೇಶದಲ್ಲೂ ಅದರ ಪೂರ್ವಕ್ಕೆ ಬೆಳೆದ ಬಡಾವಣೆಗಳಲ್ಲೂ ಈ ನಾಲ್ಕನ್ನೂ ಒಟ್ಟಿಗೆ ನೋಡಬಹುದು. ಶಿವಾಜಿನಗರದಲ್ಲಿ ಕೈಬದಲಾದ ಫೋನುಗಳ ವ್ಯಾಪಾರವಿದೆ. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಆರ್ಡರ್‌ಗೆ ಕಾಯುವ ಡೆಲಿವರಿ ಹುಡುಗರಿದ್ದಾರೆ. ಕೆ.ಆರ್. ಪುರದ ಪಿ.ಜಿ.ಗಳಲ್ಲಿ ಊರಿನಲ್ಲಿರುವ ಅಪ್ಪ ಅಮ್ಮನಿಗೆ ರಾತ್ರಿ ಲೊಕೇಶನ್ ಕಳುಹಿಸಿ ಮಲಗುವ ಹೆಣ್ಣುಮಕ್ಕಳಿದ್ದಾರೆ.

ನೆಲೆ ಪತ್ತೆಗೆಂದೇ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ದೂರಸಂಪರ್ಕ, ಮಾಹಿತಿ ತಂತ್ರಜ್ಞಾನ, ದಂಡಸಂಹಿತೆ, ದತ್ತಾಂಶ ರಕ್ಷಣೆ ಎಂದು ನಾಲ್ಕಾರು ಕಡೆ ಚದುರಿರುವ ಕಲಮುಗಳನ್ನು ಜೋಡಿಸಿಕೊಂಡೇ ಉತ್ತರ ಹುಡುಕಬೇಕು. ಹಾಗೆ ಜೋಡಿಸಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಸರ್ಕಾರ ನೆಲೆ ಹುಡುಕುವುದಕ್ಕೆ ವಿಧಿವಿಧಾನವಿದೆ, ಕಂಪನಿಗಳಿಗೆ ಈಗೀಗ ರೂಪುಗೊಳ್ಳುತ್ತಿದೆ. ದಿನನಿತ್ಯ ನಡೆಯುವ, ಮನೆಯವರೇ ಮನೆಯವರ ಫೋನನ್ನು ಹಿಂಬಾಲಿಸುವ ರೂಢಿಯ ಬಗ್ಗೆ ಮಾತ್ರ ಕಾನೂನು ಹೆಚ್ಚೇನನ್ನೂ ಹೇಳುವುದಿಲ್ಲ.

ನೆಲೆ ಗೊತ್ತಾಗುವ ಬಗೆ

ಫೋನ್ ಚಾಲೂ ಇದ್ದಷ್ಟು ಹೊತ್ತೂ ಯಾವುದಾದರೊಂದು ಟವರ್‌ಗೆ ತಾನಿರುವುದನ್ನು ತಿಳಿಸುತ್ತಲೇ ಇರಬೇಕು. ಇಲ್ಲದಿದ್ದರೆ ಕರೆ ಬಂದಾಗ ಅದನ್ನು ಎಲ್ಲಿಗೆ ಕಳುಹಿಸಬೇಕೆಂದು ಜಾಲಕ್ಕೆ ತಿಳಿಯದು. ಒಂದು ಟವರ್‌ನಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಆಂಟೆನಾಗಳಿದ್ದು, ಒಂದೊಂದೂ 120 ಡಿಗ್ರಿಯ ಹರವನ್ನು ನೋಡಿಕೊಳ್ಳುತ್ತದೆ. ಈ ಹರವಿಗೆ ಸೆಕ್ಟರ್ ಎಂದು ಹೆಸರು, ಪ್ರತಿ ಸೆಕ್ಟರಿಗೂ ಒಂದು ಸೆಲ್ ಐ.ಡಿ. ಇರುತ್ತದೆ.

ಸಿಡಿಆರ್, ಎಂದರೆ ಕರೆ ವಿವರದ ದಾಖಲೆ, ನೋಡಲು ಸಾದಾ ಎಕ್ಸೆಲ್ ಹಾಳೆ. ಕರೆ ಮಾಡಿದ ಸಂಖ್ಯೆ, ಸ್ವೀಕರಿಸಿದ ಸಂಖ್ಯೆ, ದಿನಾಂಕ, ಸಮಯ, ಎಷ್ಟು ಸೆಕೆಂಡು, ಫೋನಿನ ಐಎಂಇಐ, ಸಿಮ್‌ನ ಐಎಂಎಸ್‌ಐ, ಕೊನೆಗೆ ಮೊದಲ ಸೆಲ್ ಐ.ಡಿ. ಮತ್ತು ಕಡೆಯ ಸೆಲ್ ಐ.ಡಿ. ಎಂಬ ಎರಡು ಅಂಕಣ. ಯಾರಾದರೂ ಹಲಸೂರು ಮೆಟ್ರೊ ನಿಲ್ದಾಣದಲ್ಲಿ ನೇರಳೆ ಮಾರ್ಗದ ರೈಲು ಹತ್ತಿ ಮಾತು ಶುರು ಮಾಡಿ, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ ದಾಟಿ ಬೆನ್ನಿಗಾನಹಳ್ಳಿಯಲ್ಲಿ ಫೋನಿಟ್ಟರೆ, ಆ ಸಾಲಿನಲ್ಲಿ ಮೊದಲ ಸೆಲ್ ಹಲಸೂರಿನದು, ಕಡೆಯ ಸೆಲ್ ಬೆನ್ನಿಗಾನಹಳ್ಳಿಯದು ಎಂದು ಕಾಣುತ್ತದೆ. ಆಡಿದ ಮಾತು ಒಂದಕ್ಷರವೂ ದಾಖಲೆಯಲ್ಲಿಲ್ಲ. ಆದರೆ ತಿಂಗಳ ಹಾಳೆಗಳನ್ನು ಒಟ್ಟಿಗಿಟ್ಟರೆ ಆ ವ್ಯಕ್ತಿ ರಾತ್ರಿ ಎಲ್ಲಿ ಮಲಗುತ್ತಾನೆ, ಭಾನುವಾರ ಬೆಳಿಗ್ಗೆ ಚರ್ಚಿಗೋ ಆಸ್ಪತ್ರೆಗೋ ಹೋಗುತ್ತಾನೆ, ಯಾರ ಮನೆಯ ಹತ್ತಿರ ಪದೇ ಪದೇ ಸುಳಿಯುತ್ತಾನೆ ಎಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ. 2021ರ ಡಿಸೆಂಬರ್‌ನಿಂದ ದೂರಸಂಪರ್ಕ ಕಂಪನಿಗಳು ಈ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಕಾಪಿಡಬೇಕು. ಅದಕ್ಕೆ ಮೊದಲು ಒಂದು ವರ್ಷವಿತ್ತು.

ಟವರ್ ಹೇಳುವುದು ಸೀಮೆಯನ್ನು, ಮನೆಯ ಬಾಗಿಲನ್ನಲ್ಲ. ಹತ್ತಿರದ ಟವರ್‌ನಲ್ಲಿ ಜನ ಹೆಚ್ಚಾದರೆ ಫೋನ್ ದೂರದ ಟವರ್ ಹಿಡಿಯುವುದೂ ಉಂಟು. ಹಾಗಿದ್ದರೂ ‘ಆರೋಪಿಯ ಟವರ್ ಲೊಕೇಶನ್ ಸ್ಥಳದಲ್ಲೇ ಇತ್ತು’ ಎಂಬ ವಾಕ್ಯ ಪತ್ರಿಕೆಯಲ್ಲಿ ಬಂದಾಗ ಓದುಗರು ಅದನ್ನು ಕಣ್ಣಾರೆ ಕಂಡ ಸಾಕ್ಷಿಯಂತೆಯೇ ತೆಗೆದುಕೊಳ್ಳುತ್ತಾರೆ. ಫೋನ್ ಅಲ್ಲಿತ್ತು ಎಂಬುದಕ್ಕೂ ಮನುಷ್ಯ ಅಲ್ಲಿದ್ದ ಎಂಬುದಕ್ಕೂ ನಡುವೆ ಬೇರೆ ಪುರಾವೆ ಬೇಕು.

ನಿಖರವಾದ ನೆಲೆ ಬರುವುದು ಉಪಗ್ರಹಗಳಿಂದ. ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ: ಆಕಾಶದಲ್ಲಿರುವ ಉಪಗ್ರಹ ನಮ್ಮನ್ನು ನೋಡುತ್ತಿರುತ್ತದೆ ಎಂದು. ಜಿಪಿಎಸ್ ಆಗಲಿ, ಹಳೇ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರದಲ್ಲಿರುವ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಭಾರತದ್ದೇ ಆದ ನಾವಿಕ್ ಸರಣಿಯ ಉಪಗ್ರಹಗಳಾಗಲಿ (ಮೊದಲನೆಯದು 2013ರ ಜುಲೈ 1ರಂದು ಕಕ್ಷೆಗೆ ಹೋಯಿತು) ಸಮಯದ ಸಂಕೇತವನ್ನು ಬಿತ್ತರಿಸುತ್ತವೆ, ಅಷ್ಟೆ. ಫೋನ್ ಆ ಸಂಕೇತಗಳನ್ನು ಕೇಳಿಸಿಕೊಂಡು ತನ್ನ ನೆಲೆಯನ್ನು ತಾನೇ ಲೆಕ್ಕ ಹಾಕುತ್ತದೆ. ಯಾರು ಕೇಳಿಸಿಕೊಂಡರು ಎಂಬುದು ಉಪಗ್ರಹಕ್ಕೆ ಗೊತ್ತೇ ಇಲ್ಲ. ಗುಟ್ಟು ಹೊರಬೀಳುವುದು ಫೋನಿನೊಳಗಿನ ಯಾವುದೋ ಆ್ಯಪ್ ಆ ಲೆಕ್ಕವನ್ನು ಇಂಟರ್ನೆಟ್‌ನಲ್ಲಿ ಬೇರೆಡೆಗೆ ರವಾನಿಸಿದಾಗ. ಮಳಿಗೆ, ಮಾಲು, ಕಾಂಕ್ರೀಟು ತುಂಬಿದ ಕಡೆ ಉಪಗ್ರಹದ ಸಂಕೇತ ದುರ್ಬಲವಾದರೆ ಸುತ್ತಲಿನ ವೈ-ಫೈ ಪೆಟ್ಟಿಗೆಗಳ ಗುರುತು ಆ ಕೆಲಸ ಮಾಡುತ್ತದೆ. ಕಮರ್ಷಿಯಲ್ ಸ್ಟ್ರೀಟ್‌ನಂಥ ಇಕ್ಕಟ್ಟಿನಲ್ಲಿ ಇದೇ ಹೆಚ್ಚು ಉಪಯುಕ್ತ.

‘ನಂಬರ್ ಹಾಕಿ, ಲೊಕೇಶನ್ ನೋಡಿ’ ಎನ್ನುವ ಜಾಲತಾಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬರೀ ನಂಬರಿನಿಂದ ಸಾರ್ವಜನಿಕರಿಗೆ ಸಿಗಬಹುದಾದದ್ದು ಆ ಸರಣಿ ಮೊದಲು ಯಾವ ವಲಯಕ್ಕೆ ಹಂಚಿಕೆಯಾಗಿತ್ತು ಎಂಬುದು ಮಾತ್ರ. ನಂಬರ್ ಪೋರ್ಟ್ ಆಗಿದ್ದರೆ ಅದೂ ಖಾತ್ರಿಯಿಲ್ಲ. ಉಳಿದದ್ದು ಹಣ ಕೀಳುವ ಅಥವಾ ಎಪಿಕೆ ಫೈಲು ಹಾಕಿಸಿ ನೋಡಿದವರ ಫೋನನ್ನೇ ದೋಚುವ ಉಪಾಯ.

ಪೊಲೀಸರು ಮತ್ತು ಸರ್ಕಾರ

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ತೀರ್ಪಿಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೆಂಗಳೂರಿನಲ್ಲಿ ನೆಲೆಸಿದ್ದ ಅವರು 2012ರಲ್ಲಿ, 86ನೆಯ ವಯಸ್ಸಿನಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದ್ದರು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆ ತೀರ್ಪಿನ ಪ್ರಕಾರ ಸರ್ಕಾರ ಒಬ್ಬರ ಖಾಸಗಿತನಕ್ಕೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಹಾಕಿದ ಕೈ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ನೆಲೆ ಪತ್ತೆಯ ವಿಷಯದಲ್ಲಿ ಆ ಕಾನೂನು ಎರಡು ಹಂತದ್ದು. ಮಾತನ್ನೇ ಕದ್ದು ಕೇಳಬೇಕಾದರೆ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ, ಅದನ್ನು ಪರಿಶೀಲಿಸುವ ಸಮಿತಿ ಎಲ್ಲವೂ ಬೇಕು. 1996ರ ಡಿಸೆಂಬರ್‌ನಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಈ ಕಟ್ಟಳೆ ಟೆಲಿಗ್ರಾಫ್ ನಿಯಮಗಳಿಗೆ ಸೇರಿ, ಈಗ 2023ರ ದೂರಸಂಪರ್ಕ ಕಾಯ್ದೆಯಡಿ 2024ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳಲ್ಲಿ ಮುಂದುವರಿದಿದೆ. ಕರೆ ದಾಖಲೆ ಮತ್ತು ಟವರ್ ಮಾಹಿತಿಗೆ ಇಷ್ಟು ಬಿಗಿ ಇಲ್ಲ. ತನಿಖೆಗೆ ಬೇಕಾದ ದಾಖಲೆ ಹಾಜರುಪಡಿಸಿ ಎಂದು ಠಾಣಾಧಿಕಾರಿಯೇ ಬರೆಯಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 91ನೇ ಕಲಮು ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮು ಇದೆ. 2013ರಲ್ಲಿ ಬಿಜೆಪಿ ನಾಯಕ ಅರುಣ್ ಜೇಟ್ಲಿ ಅವರ ಕರೆ ದಾಖಲೆಗೆ ದೆಹಲಿಯ ಪೊಲೀಸ್ ಪೇದೆಯೊಬ್ಬ ಕೈಹಾಕಿದ್ದು ಬಯಲಾದ ಮೇಲೆ, ಇಂಥ ಕೋರಿಕೆ ಎಸ್‌ಪಿ ಅಥವಾ ಡಿಸಿಪಿ ದರ್ಜೆಯ ಅಧಿಕಾರಿಯ ಮೂಲಕವೇ ಹೋಗಬೇಕೆಂದು ಕೇಂದ್ರ ಗೃಹ ಇಲಾಖೆ ಸೂಚಿಸಿತು. ಅಂದರೆ ಕೇಳುವವರೂ ಪೊಲೀಸರು, ಒಪ್ಪಿಗೆ ಕೊಡುವವರೂ ಪೊಲೀಸರು. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಕಾರ್ಪೆಂಟರ್ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಒಬ್ಬ ಆರೋಪಿಯ 127 ದಿನಗಳ 12,898 ನೆಲೆಬಿಂದುಗಳನ್ನು ನ್ಯಾಯಾಧೀಶರ ವಾರಂಟ್ ಇಲ್ಲದೆ ಪಡೆದದ್ದು ತಪ್ಪೆಂದು ಅದು ಹೇಳಿತು. ನಮ್ಮಲ್ಲಿ ಅಷ್ಟೇ ದಾಖಲೆ ಡಿಸಿಪಿ ಕಚೇರಿಯ ಒಂದು ಇ-ಮೇಲ್‌ಗೆ ಬಂದು ಬೀಳುತ್ತದೆ.

ಇನ್ನೂ ವಿಶಾಲವಾದ ಬಲೆಯೆಂದರೆ ಟವರ್ ಡಂಪ್. ಒಬ್ಬರ ನಂಬರ್ ಕೊಟ್ಟು ನೆಲೆ ಕೇಳುವ ಬದಲು ಒಂದು ಟವರ್ ಮತ್ತು ಹೊತ್ತನ್ನು ಕೊಟ್ಟು ಅಲ್ಲಿದ್ದ ಎಲ್ಲ ನಂಬರುಗಳನ್ನೂ ಕೇಳುವುದು. ಟ್ಯಾನರಿ ರಸ್ತೆ, ಶಿವಾಜಿನಗರದಂಥ ಕಿಕ್ಕಿರಿದ ಕಡೆ ಸಂಜೆಯ ಒಂದು ಗಂಟೆಯ ಡಂಪ್ ತೆಗೆದರೆ ರಸೆಲ್ ಮಾರ್ಕೆಟ್‌ಗೆ ಮೀನು ತರಲು ಬಂದವರೂ ಮನೆಯಲ್ಲಿ ಮಲಗಿದ್ದವರೂ ಅದರಲ್ಲಿರುತ್ತಾರೆ. ಪಟ್ಟಿಯಿಂದ ಒಬ್ಬೊಬ್ಬರನ್ನೇ ಕೈಬಿಡುತ್ತಾ ಹೋಗುವುದೇ ತನಿಖೆ. ಆದರೆ ಕೈಬಿಟ್ಟವರ ದಾಖಲೆಯನ್ನು ಎಷ್ಟು ದಿನದಲ್ಲಿ ಅಳಿಸಬೇಕೆಂದು 94ನೇ ಕಲಮು ಹೇಳುವುದಿಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹಳೆಯ ನೆನಪುಗಳಿವೆ. ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. 2019ರ ಆಗಸ್ಟ್‌ನಲ್ಲಿ ಹಿಂದಿನ ಸಮ್ಮಿಶ್ರ ಸರ್ಕಾರದ ಅವಧಿಯ ಕದ್ದಾಲಿಕೆ ಆರೋಪವನ್ನು ಯಡಿಯೂರಪ್ಪ ಸರ್ಕಾರ ಸಿಬಿಐಗೆ ಒಪ್ಪಿಸಿತು. ಮಾತು ಕದ್ದರೆ ಸರ್ಕಾರವೇ ಅಲುಗಾಡುತ್ತದೆ. ನೆಲೆ ಕದ್ದದ್ದಕ್ಕೆ ಇಲ್ಲಿ ಯಾವ ಸಚಿವರೂ ರಾಜೀನಾಮೆ ಕೊಟ್ಟಿಲ್ಲ.

ಠಾಣೆಯಿಂದ ಹೊರಗೆ ಸೋರುವ ದಾಖಲೆಯ ಸಂತೆ ಬೇರೆಯೇ ಇದೆ. 2018ರಲ್ಲಿ ಠಾಣೆ ಪೊಲೀಸರು, ಎಂದರೆ ಮುಂಬೈ ಪಕ್ಕದ ಠಾಣೆ ನಗರದವರು, ಸಿಡಿಆರ್ ಮಾರಾಟದ ಜಾಲವೊಂದನ್ನು ಭೇದಿಸಿ ಹೆಸರಾಂತ ಖಾಸಗಿ ಪತ್ತೇದಾರರನ್ನೂ ಬಂಧಿಸಿದರು. 2024ರಲ್ಲಿ ಬೆಂಗಳೂರು ಪೊಲೀಸರ ಕೇಂದ್ರ ಅಪರಾಧ ವಿಭಾಗವೂ (ಸಿಸಿಬಿ) ಇದೇ ಆರೋಪದ ಮೇಲೆ ನಗರದ ಪತ್ತೇದಾರಿ ಏಜೆನ್ಸಿಗಳ ಮೇಲೆ ದಾಳಿ ಮಾಡಿತು. ಮದುವೆಗೆ ಮುಂಚೆ ವರನ ‘ಬ್ಯಾಕ್‌ಗ್ರೌಂಡ್’ ನೋಡಿಸುವವರು, ವಿಚ್ಛೇದನಕ್ಕೆ ಪುರಾವೆ ಹುಡುಕುವವರು ಈ ಸಂತೆಯ ಗಿರಾಕಿಗಳು. ಪತ್ತೇದಾರಿ ಏಜೆನ್ಸಿಗಳನ್ನು ನಿಯಂತ್ರಿಸುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂದರೂ ಕಾಯ್ದೆಯಾಗಲಿಲ್ಲ. ಈಗ 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಮು ಕರೆ ದಾಖಲೆಯನ್ನು ಅನಧಿಕೃತವಾಗಿ ಪಡೆಯುವುದಕ್ಕೂ ಸಾಗಿಸುವುದಕ್ಕೂ ಮೂರು ವರ್ಷದವರೆಗೆ ಸೆರೆ, ಎರಡು ಕೋಟಿ ರೂಪಾಯಿವರೆಗೆ ದಂಡ ಇಟ್ಟಿದೆ. ಕೊಳ್ಳುವ ಗಿರಾಕಿಯೂ ದುಷ್ಪ್ರೇರಕನಾಗಿ ಸಿಕ್ಕಿಬೀಳಬಹುದು.

ಜಾಮೀನಿನ ಷರತ್ತಾಗಿ ನೆಲೆ ಕೇಳುವ ರೂಢಿಗೆ 2024ರ ಜುಲೈ 8ರಂದು ತಡೆ ಬಿತ್ತು. ಮಾದಕ ವಸ್ತು ಪ್ರಕರಣದ ನೈಜೀರಿಯಾ ಪ್ರಜೆಯೊಬ್ಬರು ಗೂಗಲ್ ಮ್ಯಾಪ್‌ನಲ್ಲಿ ತಮ್ಮ ಪಿನ್ ಅನ್ನು ತನಿಖಾಧಿಕಾರಿಗೆ ಕಾಣುವಂತೆ ಇಡಬೇಕೆಂದು ದೆಹಲಿ ಹೈಕೋರ್ಟ್ ಷರತ್ತು ಹಾಕಿತ್ತು. ಜಾಮೀನಿನ ಮೇಲಿರುವವರ ಪ್ರತಿ ಹೆಜ್ಜೆಯನ್ನೂ ಕಾಯುವ ಷರತ್ತು ಖಾಸಗಿತನದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಆ ಪೀಠದಲ್ಲಿದ್ದವರು ಉಜ್ಜಲ್ ಭುಯಾನ್ ಮತ್ತು ಅಭಯ್ ಎಸ್. ಓಕಾ. ಓಕಾ ಅವರು ಅದಕ್ಕೆ ಮೂರು ವರ್ಷ ಹಿಂದೆ ಬೆಂಗಳೂರಿನಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಇದೇ ಪ್ರಶ್ನೆಯನ್ನು ಇನ್ನೊಂದು ರೂಪದಲ್ಲಿ ಎದುರಿಸಿದ್ದರು.

ಕೋವಿಡ್ ಕಾಲದ ಪ್ರಯೋಗ

2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಗಿದ್ದವರೆಲ್ಲ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಕ್ವಾರಂಟೈನ್ ವಾಚ್ ಎಂಬ ಆ್ಯಪ್‌ನಲ್ಲಿ ಕಳುಹಿಸಬೇಕೆಂದು ಆದೇಶಿಸಿತು. ಚಿತ್ರದ ಜೊತೆ ಜಿಪಿಎಸ್ ನೆಲೆಯೂ ಹೋಗುತ್ತಿತ್ತು. ಅದೇ ತಿಂಗಳು ವಿದೇಶದಿಂದ ಬಂದು ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯೂ ಸಾರ್ವಜನಿಕವಾಗಿತ್ತು. ಪಟ್ಟಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿ, ಸೋಂಕಿಗಿಂತ ಬೇಗ ನೆರೆಹೊರೆಯ ಅನುಮಾನ ಹರಡಿತು. ಸೋಂಕಿತರು ಓಡಾಡಿದ ಜಾಗಗಳನ್ನು ನಕ್ಷೆಯಲ್ಲಿ ತೋರಿಸುವ ಕೊರೊನಾ ವಾಚ್ ಆ್ಯಪ್ ಕೂಡ ಬಂತು.

ಕೇಂದ್ರದ ಆರೋಗ್ಯ ಸೇತು ಆ್ಯಪ್ ಬಂದದ್ದು ಏಪ್ರಿಲ್ 2ಕ್ಕೆ. ಬೆಂಗಳೂರಿನ ಡಿಜಿಟಲ್ ಹಕ್ಕುಗಳ ಹೋರಾಟಗಾರ ಅನಿವರ್ ಅರವಿಂದ್ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಆ್ಯಪ್ ಹಾಕಿಕೊಳ್ಳದವರಿಗೆ ಸರ್ಕಾರಿ ಸೇವೆ ನಿರಾಕರಿಸುವಂತಿಲ್ಲ ಎಂದು 2020ರ ಅಕ್ಟೋಬರ್‌ನಲ್ಲೂ, ಬಳಕೆದಾರರ ತಿಳಿದ ಒಪ್ಪಿಗೆಯಿಲ್ಲದೆ ಅವರ ಮಾಹಿತಿಯನ್ನು ಇತರ ಇಲಾಖೆಗಳಿಗೆ ಹಂಚಬಾರದು ಎಂದು 2021ರ ಜನವರಿ 25ರಂದೂ ಓಕಾ ಅವರಿದ್ದ ಪೀಠ ಮಧ್ಯಂತರ ಆದೇಶ ಕೊಟ್ಟಿತು. ಇಡೀ ದೇಶದ ಆ್ಯಪ್‌ಗೆ ಲಗಾಮು ಹಾಕಿದ ಆದೇಶ ಅದು. ಇಷ್ಟಾದರೂ ಕನ್ನಡ ಪತ್ರಿಕೆಗಳ ಚರ್ಚೆಯಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಆಮೇಲೆ ಬಂದ ಕೇಂದ್ರದ ಸಂಚಾರ ಸಾಥಿ ವ್ಯವಸ್ಥೆ ಕಳೆದುಹೋದ ಫೋನಿನದು. ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ಕೊಟ್ಟು, ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ ತಡೆಹಿಡಿಸಿದರೆ, ಕದ್ದ ಫೋನಿಗೆ ಬೇರೆ ಸಿಮ್ ಹಾಕಿದಾಗ ಪೊಲೀಸರಿಗೆ ಸುದ್ದಿ ಹೋಗುತ್ತದೆ. ಮಾಲೀಕರಿಗೆ ನಕ್ಷೆ ತೋರಿಸುವುದಿಲ್ಲ, ತೋರಿಸದಿರುವುದೇ ಸರಿ. ಅದರ ಆ್ಯಪ್ ಅನ್ನು ಎಲ್ಲ ಹೊಸ ಫೋನುಗಳಲ್ಲೂ ಮೊದಲೇ ಹಾಕಿರಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ಹೊರಡಿಸಿದ ನಿರ್ದೇಶನ ವಿರೋಧಕ್ಕೆ ಮಣಿದು ಡಿಸೆಂಬರ್ 3ಕ್ಕೆ ವಾಪಸಾಯಿತು.

ಕಂಪನಿ, ಕ್ಯಾಬು, ಕೆಲಸ

ಜಾಹೀರಾತಿಗಾಗಿ ನೆಲೆ ಹೇಗೆ ಕದಿಯಲಾಗುತ್ತದೆ ಎಂಬುದಕ್ಕೆ ಅಧಿಕೃತ ದಾಖಲೆಯಿರುವ ಉದಾಹರಣೆಯೊಂದು ಬೆಂಗಳೂರಿನಲ್ಲಿ ಬೆಳೆದ ಕಂಪನಿಯದೇ. ಇನ್‌ಮೊಬಿ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪ ಹೀಗಿತ್ತು: ಲೊಕೇಶನ್‌ಗೆ ಅನುಮತಿ ಕೊಟ್ಟವರ ಫೋನಿನಿಂದ ಯಾವ ವೈ-ಫೈ ಪೆಟ್ಟಿಗೆ ಎಲ್ಲಿದೆ ಎಂಬ ಪಟ್ಟಿ ಮಾಡಿಕೊಂಡು, ಅನುಮತಿ ಕೊಡದವರ ಫೋನ್ ಅದೇ ಪೆಟ್ಟಿಗೆಗಳ ಹತ್ತಿರ ಬಂದಾಗ ಅವರ ನೆಲೆಯನ್ನೂ ಊಹಿಸಿಕೊಂಡಿತು; ಹಾಗೆ ಮಕ್ಕಳೂ ಸೇರಿ ಕೋಟಿಗಟ್ಟಲೆ ಜನರನ್ನು ಹಿಂಬಾಲಿಸಿತು. 2016ರ ಜೂನ್‌ನಲ್ಲಿ ಕಂಪನಿ 9,50,000 ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ‘ಇಲ್ಲ’ ಎಂದು ಒತ್ತಿದವರು ಪಕ್ಕದವರು ಒತ್ತಿದ ‘ಹೌದು’ವಿನಿಂದ ಸಿಕ್ಕಿಬಿದ್ದ ಪ್ರಕರಣವಿದು.

ಆಗ ಭಾರತದ ಕಾನೂನಿನಲ್ಲಿ ಇಂಥದ್ದಕ್ಕೆ ಹಿಡಿತವಿರಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ‘ಸೂಕ್ಷ್ಮ ಮಾಹಿತಿ’ಯ ಪಟ್ಟಿಯಲ್ಲಿ ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯ, ಬೆರಳಚ್ಚು ಎಲ್ಲವನ್ನೂ ಸೇರಿಸಿ ನೆಲೆಯನ್ನು ಬಿಟ್ಟಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನೆಲೆಯೂ ವೈಯಕ್ತಿಕ ದತ್ತಾಂಶವೇ. ಒಪ್ಪಿಗೆ ಮುಕ್ತವಾಗಿ, ನಿರ್ದಿಷ್ಟ ಕಾರಣಕ್ಕೆ, ತಿಳಿದು ಕೊಟ್ಟದ್ದಾಗಿರಬೇಕು. ದಂಡ 250 ಕೋಟಿ ರೂಪಾಯಿವರೆಗೂ ಹೋಗುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಷ್ಟೇ ಪ್ರಕಟವಾಗಿ, ಮುಖ್ಯ ಹೊಣೆಗಾರಿಕೆಗಳಿಗೆ ಇನ್ನೂ 18 ತಿಂಗಳ ಗಡುವು ಸಿಕ್ಕಿತು. ಕಾಯ್ದೆ ಎರಡು ಬಾಗಿಲುಗಳನ್ನು ತೆರೆದೇ ಇಟ್ಟಿದೆ: ಅಪರಾಧ ತನಿಖೆಗೆ ವಿನಾಯಿತಿ, ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆಯಿಲ್ಲದೆಯೂ ಬಳಸುವ ಅವಕಾಶ.

ಎರಡನೆಯದು ಈ ಭಾಗದ ನೌಕರರಿಗೆ ನೇರವಾಗಿ ತಟ್ಟುತ್ತದೆ. 2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟ ಬಿಪಿಓ ಉದ್ಯೋಗಿಯೊಬ್ಬರ ಕೊಲೆಯಾದ ಮೇಲೆ ಕಂಪನಿ ಕ್ಯಾಬುಗಳ ಮೇಲೆ ನಿಗಾ ಇಡುವುದು ಬೆಂಗಳೂರಿನಲ್ಲಿ ಸುರಕ್ಷತೆಯ ಮೊದಲ ಬೇಡಿಕೆಯಾಯಿತು. ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಕ್ಯಾಬಿನ ನೆಲೆ ಬೇರೆ, ಕ್ಯಾಬಿನಿಂದಿಳಿದು ಮನೆಗೆ ಹೋದವಳ ಫೋನಿನ ನೆಲೆ ಬೇರೆ. ಹಾಜರಾತಿ ಆ್ಯಪ್ ಕೆಲಸದ ಹೊತ್ತು ಮುಗಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಅದಕ್ಕೆ ‘ಉದ್ಯೋಗದ ಉದ್ದೇಶ’ ಎನ್ನುವುದು ಕಷ್ಟ. ಡೆಲಿವರಿ ಕೆಲಸದವರ ಮಟ್ಟಿಗೆ ನೆಲೆಯೇ ಸಂಬಳ: ಆ್ಯಪ್‌ನಲ್ಲಿ ಚುಕ್ಕಿ ಸರಿಯಾದ ಕಡೆ ಇಲ್ಲದಿದ್ದರೆ ಆರ್ಡರ್ ಇಲ್ಲ, ನಿಂತಲ್ಲೇ ನಿಂತರೆ ರೇಟಿಂಗ್ ಇಳಿಯುತ್ತದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಇಂಥ ಸ್ವಯಂಚಾಲಿತ ನಿಗಾ ವ್ಯವಸ್ಥೆ ಹೇಗೆ ತೀರ್ಮಾನ ತೆಗೆದುಕೊಳ್ಳುತ್ತದೆ ಎಂದು ಕಾರ್ಮಿಕರಿಗೆ ತಿಳಿಸಬೇಕೆನ್ನುತ್ತದೆ. ತಿಳಿಸಬೇಕು ಎಂದಿದೆ, ನಿಲ್ಲಿಸಬೇಕು ಎಂದಿಲ್ಲ.

ಮನೆಯೊಳಗೆ

ಮನೆಯಲ್ಲಿ ನೆಲೆ ಹಿಡಿಯಲು ಗೂಢಚಾರ ತಂತ್ರಾಂಶವೇನೂ ಬೇಕಿಲ್ಲ. ಹೊಸ ಫೋನ್ ಕೊಂಡ ದಿನ ಅಂಗಡಿಯ ಹುಡುಗನೋ ಮನೆಯ ಅಣ್ಣನೋ ಜಿಮೇಲ್ ಖಾತೆ ತೆರೆದುಕೊಡುತ್ತಾರೆ, ಪಾಸ್‌ವರ್ಡ್ ಅವರಿಗೆ ಗೊತ್ತಿರುತ್ತದೆ. ಅಷ್ಟಿದ್ದರೆ ಗೂಗಲ್‌ನ ‘ಫೈಂಡ್ ಹಬ್’ ಮೂಲಕ ಆ ಫೋನ್ ಎಲ್ಲಿದೆಯೆಂದು ಯಾವಾಗ ಬೇಕಾದರೂ ನೋಡಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ 2017ರಿಂದ ಇರುವ ನೆಲೆ ಹಂಚಿಕೆಯನ್ನು ಒಮ್ಮೆ ‘ನಾನೇ ನಿಲ್ಲಿಸುವವರೆಗೆ’ ಎಂದು ಆನ್ ಮಾಡಿಟ್ಟರೆ ವರ್ಷಗಟ್ಟಲೆ ನಡೆಯುತ್ತದೆ. ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ ಮೇಲು. 15 ನಿಮಿಷ, 1 ಗಂಟೆ, 8 ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಸ್ಕೂಟರ್ ಸೀಟಿನ ಕೆಳಗೆ ನೆಲೆ ಹೇಳುವ ಬಿಲ್ಲೆಯಾದ ಏರ್‌ಟ್ಯಾಗ್ ಇಡುವುದೂ ಉಂಟು. ಗುರುತಿಲ್ಲದ ಟ್ಯಾಗ್ ಜೊತೆಗೇ ಬರುತ್ತಿದ್ದರೆ ಎಚ್ಚರಿಸುವ ಸಮಾನ ವ್ಯವಸ್ಥೆಯನ್ನು ಆಪಲ್ ಮತ್ತು ಗೂಗಲ್ 2024ರ ಮೇ ತಿಂಗಳಲ್ಲಿ ತಂದವು.

ಮನೆಯವರ ಈ ಹಿಂಬಾಲಿಕೆಯನ್ನು ಅಪರಾಧವೆನ್ನಲು ಹೊರಟರೆ ಕಾನೂನಿನ ಎಳೆಗಳು ಒಂದೊಂದೇ ಜಾರುತ್ತವೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಹೆಣ್ಣನ್ನು ಹಿಂಬಾಲಿಸುವ ಅಪರಾಧದ್ದು; ಮೊದಲ ಸಲ ಮೂರು ವರ್ಷ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆ. ಆದರೆ ಅದು ಎರಡು ಬಗೆಯನ್ನು ಹೇಳುತ್ತದೆ: ಅವಳಿಗೆ ಮನಸ್ಸಿಲ್ಲವೆಂದು ಸ್ಪಷ್ಟವಾದ ಮೇಲೂ ಹಿಂದೆ ಬಿದ್ದು ಮಾತನಾಡಿಸಲು ನೋಡುವುದು, ಅಥವಾ ಅವಳ ಇಂಟರ್ನೆಟ್, ಇ-ಮೇಲ್, ವಿದ್ಯುನ್ಮಾನ ಸಂವಹನದ ಮೇಲೆ ಕಣ್ಣಿಡುವುದು. ಸುಮ್ಮನೆ ಕೂತು ನಕ್ಷೆಯ ಮೇಲಿನ ಚುಕ್ಕಿ ನೋಡುತ್ತಿರುವ ಗಂಡ ಈ ಎರಡರಲ್ಲೂ ನೀಟಾಗಿ ಕೂರುವುದಿಲ್ಲ. ನೋಡುತ್ತಿರುವವಳು ಅತ್ತೆಯಾದರೆ ಕಲಮು ಅನ್ವಯಿಸುವುದೇ ಇಲ್ಲ, ಏಕೆಂದರೆ ಅಲ್ಲಿ ಆರೋಪಿ ಗಂಡಸೇ ಆಗಿರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಮಾಲೀಕರ ಅಥವಾ ಫೋನ್ ಯಾರ ವಶದಲ್ಲಿದೆಯೋ ಅವರ ಅನುಮತಿಯಿಲ್ಲದೆ ಒಳಹೊಕ್ಕರೆ ಅನ್ವಯಿಸುತ್ತವೆ. ಕಂತು ಕಟ್ಟಿದವನು ಗಂಡ, ಬಿಲ್ಲು ಅವನ ಹೆಸರಿನಲ್ಲಿ, ಬಳಸುವವಳು ಹೆಂಡತಿ ಎಂದಾದರೆ ಅನುಮತಿ ಕೊಡಬೇಕಾದವರು ಯಾರೆಂಬ ವಾದ ಶುರುವಾಗುತ್ತದೆ. ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಮಾಡುವ ಬಳಕೆ ತನಗೆ ಸೇರಿದ್ದಲ್ಲ ಎಂದು ಮೂರನೇ ಕಲಮಿನಲ್ಲೇ ಹೇಳಿಬಿಟ್ಟಿದೆ. ಹೀಗೆ ಸ್ವಿಗ್ಗಿಯಂಥ ಕಂಪನಿ ಕೇಳಬೇಕಾದ ಒಪ್ಪಿಗೆಯನ್ನು ಸೋದರಮಾವ ಕೇಳಬೇಕಾಗಿಲ್ಲ.

ನ್ಯಾಯಾಲಯಗಳು ಈ ಕೊರತೆಯನ್ನು ಅಲ್ಲಲ್ಲಿ ತುಂಬಿವೆ. ದಂಪತಿಯ ವಿವಾಹ ಮೊಕದ್ದಮೆಯೊಂದರಲ್ಲಿ, ಹೆಂಡತಿಗೆ ಸಂಬಂಧವಿದೆಯೆಂದು ತಾನು ಅನುಮಾನಿಸಿದ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರ ತರಿಸಬೇಕೆಂದು ಗಂಡ ಕೇಳಿದ್ದ. ಕೌಟುಂಬಿಕ ನ್ಯಾಯಾಲಯ 2019ರಲ್ಲಿ ಒಪ್ಪಿತ್ತು. 2022ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಆದೇಶವನ್ನು ರದ್ದುಗೊಳಿಸಿದರು. ಗಂಡ ಹೆಂಡಿರ ಜಗಳದಲ್ಲಿ ಕಕ್ಷಿಯೇ ಅಲ್ಲದವನ ಖಾಸಗಿತನವನ್ನು ಹೀಗೆ ಬಯಲಿಗಿಡಲಾಗದು ಎಂಬುದು ತೀರ್ಪಿನ ತಿರುಳು. ಮರುವರ್ಷ ಧಾರವಾಡ ಪೀಠ, ಗಂಡನ ಆಧಾರ್ ವಿವರ ಬೇಕೆಂದ ಹೆಂಡತಿಗೆ, ಮದುವೆಯಾದ ಮಾತ್ರಕ್ಕೆ ಇನ್ನೊಬ್ಬರ ಖಾಸಗಿತನ ಅಳಿದುಹೋಗುವುದಿಲ್ಲ ಎಂದಿತು. ಆದರೆ 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಗಂಡ ಹೆಂಡತಿಯ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವಿಚ್ಛೇದನ ಮೊಕದ್ದಮೆಯಲ್ಲಿ ಅದು ಸಾಕ್ಷಿಯಾಗಬಹುದೆಂದಿತು. ಒಬ್ಬರು ಇನ್ನೊಬ್ಬರ ಮೇಲೆ ಕಣ್ಣಿಡುವ ಹಂತಕ್ಕೆ ಬಂದಿದ್ದರೆ ಆ ದಾಂಪತ್ಯ ಮೊದಲೇ ಮುರಿದಿದೆ ಎಂಬ ಅದರ ತರ್ಕ ಅನುಭವಕ್ಕೆ ಹತ್ತಿರವಾದದ್ದು. ಆದರೂ ಗುಟ್ಟಾಗಿ ಕೂಡಿಟ್ಟ ನೆಲೆಯ ದಾಖಲೆಗಳಿಗೂ ಇದೇ ಬಾಗಿಲು ತೆರೆದೀತೆಂಬ ಆತಂಕ ಉಳಿಯುತ್ತದೆ.

ಮನೆ ಮತ್ತು ಠಾಣೆ ಕೈಜೋಡಿಸುವ ಜಾಗ ‘ಮಿಸ್ಸಿಂಗ್ ಕಂಪ್ಲೇಂಟ್’. ಇಷ್ಟಪಟ್ಟವನ ಜೊತೆ ಹೊರಟ ಇಪ್ಪತ್ತೆರಡರ ಮಗಳು ಕಾಣೆಯಾಗಿದ್ದಾಳೆಂದು ತಂದೆ ದೂರು ಕೊಟ್ಟರೆ, ತನಿಖೆಯ ಹೆಸರಿನಲ್ಲಿ ಅವಳ ಟವರ್ ಲೊಕೇಶನ್ ಕಾನೂನುಬದ್ಧವಾಗಿಯೇ ಸಿಗುತ್ತದೆ. ವಯಸ್ಕಳನ್ನು ಪತ್ತೆ ಮಾಡಿದ ಮೇಲೆ ಪೊಲೀಸರು ಅವಳ ಹೇಳಿಕೆ ಪಡೆದು, ಅವಳು ಬೇಡವೆಂದರೆ ವಿಳಾಸವನ್ನು ಮನೆಯವರಿಗೆ ಕೊಡದಿರಬೇಕು. ವಯಸ್ಕರು ತಮಗಿಷ್ಟವಾದವರನ್ನು ಮದುವೆಯಾಗುವುದು ಮೂಲಭೂತ ಹಕ್ಕೆಂದು ಕರ್ನಾಟಕ ಹೈಕೋರ್ಟ್ 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಠಾಣೆಯ ಮುಂದೆ ಮನೆಯವರ ಕಾರು ಮೊದಲೇ ನಿಂತಿದ್ದರೆ ಆ ತೀರ್ಪಿನ ಪ್ರತಿಯಿಂದ ಹೆಚ್ಚು ಉಪಯೋಗವಾಗದು.

ಹದಿನೆಂಟು ತುಂಬದ ಮಕ್ಕಳ ನೆಲೆಯನ್ನು ತಂದೆತಾಯಿ ನೋಡುವುದಕ್ಕೆ ಅಡ್ಡಿಯಿಲ್ಲ. ಕಂಪನಿಗಳು ಮಾತ್ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಕ್ಕಳನ್ನು ಹಿಂಬಾಲಿಸಬಾರದು, ಶಾಲಾ ವಾಹನದಂಥ ಸುರಕ್ಷತೆಯ ಕಾರಣಗಳಿಗೆ ವಿನಾಯಿತಿ ಇದೆ.

ದೂರು ಮತ್ತು ಪರಿಹಾರ

ಯಾರೋ ನೋಡುತ್ತಿದ್ದಾರೆಂಬ ಅನುಮಾನ ಬಂದಾಗ ಜನ ಮೊದಲು ಮಾಡುವ ಕೆಲಸ ಫೋನನ್ನು ರೀಸೆಟ್ ಮಾಡುವುದು. ಅದರೊಂದಿಗೆ ಪುರಾವೆಯೂ ಅಳಿಯುತ್ತದೆ. ಗೂಗಲ್ ಖಾತೆಯಲ್ಲಿ ಸೈನ್-ಇನ್ ಆಗಿರುವ ಸಾಧನಗಳ ಪಟ್ಟಿ, ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್, ಲೊಕೇಶನ್ ಅನುಮತಿ ಇರುವ ಆ್ಯಪ್‌ಗಳು, ಇವುಗಳ ಚಿತ್ರವನ್ನು ದಿನಾಂಕ ಕಾಣುವಂತೆ ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಬೇಕು. ಹೊಡೆತ ಬಡಿತದ ಭಯವಿರುವ ಮನೆಯಲ್ಲಿ ನೆಲೆಯನ್ನು ದಿಢೀರನೆ ಆಫ್ ಮಾಡುವುದೇ ಅಪಾಯಕ್ಕೆ ದಾರಿಯಾದೀತು. ಮೊದಲು ಹೋಗಬೇಕಾದ ಜಾಗ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವನಿತಾ ಸಹಾಯವಾಣಿ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾನಸಿಕ ಕಿರುಕುಳವನ್ನೂ ಹಿಂಸೆಯೆಂದೇ ಎಣಿಸುವುದರಿಂದ, ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶದಲ್ಲಿ ನೆಲೆ ಹಿಂಬಾಲಿಸುವುದನ್ನು ನಿಲ್ಲಿಸಬೇಕೆಂದು ಕೇಳಬಹುದು. 78ನೇ ಕಲಮಿಗಿಂತ ಇದು ಸಲೀಸು.

ಕ್ರಿಮಿನಲ್ ದೂರಿಗೆ ಹತ್ತಿರದ ಠಾಣೆಯೂ ಆಗುತ್ತದೆ, ವಿಭಾಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಯೂ ಆಗುತ್ತದೆ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಸೈಬರ್ ಅಪರಾಧಕ್ಕೆಂದೇ ದೇಶದ ಮೊದಲ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ವಿದ್ಯುನ್ಮಾನ ಪುರಾವೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಬಹುತೇಕ ವಕೀಲರೂ ಮರೆಯುವ ಇನ್ನೊಂದು ದಾರಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 46ನೇ ಕಲಮಿನದು. ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯೇ ನ್ಯಾಯನಿರ್ಣಯಾಧಿಕಾರಿಯಾಗಿದ್ದು, ಅನುಮತಿಯಿಲ್ಲದೆ ಫೋನಿಗೆ ನುಗ್ಗಿದವರಿಂದ ಐದು ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಯನ್ನು ಅವರು ವಿಚಾರಿಸಬಹುದು. ಅಲ್ಲಿ ಪೊಲೀಸ್ ತನಿಖೆಗೆ ಕಾಯಬೇಕಿಲ್ಲ, ನುಗ್ಗಿದವನು ಜೈಲಿಗೆ ಹೋಗಲೇಬೇಕೆಂಬ ಹಟವಿಲ್ಲದವರಿಗೂ ಅರ್ಜಿ ಹಾಕುವ ಹಕ್ಕಿದೆ, ಗಂಡ ಎಂಬ ಕಾರಣಕ್ಕೆ ಎದುರುದಾರನನ್ನು ಬಿಟ್ಟುಬಿಡುವ ಕಲಮೂ ಅದರಲ್ಲಿಲ್ಲ.